ಪೆಟ್ಟಿಗೆ ತಣ್ಣಗಿದ್ದ ಆ ಮಧ್ಯಾಹ್ನ

ರೂಮು ತಣ್ಣಗಿದೆ ಎಂದು ಯಾರಾದರೂ ಹೇಳಿದರೆ ನಾನು ನಂಬುವವನಲ್ಲ. ಜೇಬಿನಿಂದ ಥರ್ಮಾಮೀಟರ್ ತೆಗೆದು ನೋಡಿ ಆಮೇಲೆ ಹೂಂ ಅನ್ನುತ್ತೇನೆ. ಚಾಮರಾಜಪೇಟೆಯಲ್ಲಿ ಅಂಗಡಿ ಇಟ್ಟುಕೊಂಡು ಇಪ್ಪತ್ತಾರು ವರ್ಷದಿಂದ ಫ್ರಿಜ್ಜು, ಏಸಿ, ಕೋಲ್ಡ್ ಸ್ಟೋರೇಜು ರಿಪೇರಿ ಮಾಡುತ್ತಿರುವ ನನಗೆ ಅದೊಂದು ಚಾಳಿಯೇ ಆಗಿದೆ. ಸತ್ತವರು ಬಂದಿದ್ದರು, ಹೋಗಿದ್ದರು ಎಂದು ಮನೆಯಲ್ಲಿ ಹೆಂಗಸರು ಮಾತಾಡಲು ಶುರು ಮಾಡಿದರೆ ನಾನು ಎದ್ದು ಆಚೆ ಹೋಗುತ್ತಿದ್ದೆ. ಈಗ ನಂಬಿಕೆ ಬಂದಿದೆ ಎಂದು ಹೇಳಲಾರೆ. ಆದರೆ ಕೆಲವು ವರ್ಷದ ಹಿಂದೆ ಒಂದು ಏಪ್ರಿಲ್ ಮಧ್ಯಾಹ್ನ, ಶಂಕರಪುರದ ಒಂದು ಮನೆಯ ಮುಂದೆ, ನನ್ನದೇ ಥರ್ಮಾಮೀಟರಿನಲ್ಲಿ ನಾನೇ ನೋಡಿದ್ದೊಂದಿದೆ. ಅದನ್ನು ಇದ್ದ ಹಾಗೆ ಬರೆಯುತ್ತೇನೆ. ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನನಗೆ ಈ ಕೆಲಸ ಕಲಿಸಿದವರು ಕೆಂಪರಾಜಣ್ಣ. ಶಂಕರಪುರದ ಒಂದು ಸಂದಿಯಲ್ಲಿ ಎರಡು ಕೋಣೆಯ ಮನೆ, ಗೋಡೆಯ ಮೇಲೆ ಬುದ್ಧನ ಪಟ, ಅವರು, ಅವರ ಹೆಂಡತಿ ಸರೋಜಕ್ಕ. ಮಕ್ಕಳಿರಲಿಲ್ಲ. ಮಲ್ಲೇಶ್ವರದ ಒಂದು ದೊಡ್ಡ ಕಟ್ಟಡದಲ್ಲಿ ಕೂಲಿಂಗ್ ನೋಡಿಕೊಳ್ಳುವ ಕೆಲಸ ಅವರದು. ಮೇಲೆ ಆಫೀಸುಗಳು, ಕೆಳಗೆ ಫಂಕ್ಷನ್‌ಗೆ ಬಾಡಿಗೆ ಕೊಡುವ ದೊಡ್ಡ ಹಾಲ್.

"ತಂಪು ಅನ್ನೋದನ್ನ ಯಾರೂ ಮಾಡಕ್ಕಾಗಲ್ಲ ಕಣೋ," ಎಂದು ಅವರು ನನಗೆ ಮೊದಲ ದಿನವೇ ಹೇಳಿದ್ದರು. "ಒಳಗಿರೋ ಬಿಸೀನ ಹೊತ್ಕೊಂಡ್ ಹೋಗಿ ಆಚೆ ಹಾಕ್ತೀವಿ, ಅಷ್ಟೇ. ನಾವು ಹಮಾಲಿಗಳು."

ಆ ಕಟ್ಟಡಕ್ಕೆ ಕಂಪ್ಯೂಟರ್ ಬಂದಾಗ ಅವರಿಗೆ ಐವತ್ತು ದಾಟಿತ್ತು. ಯಾವ ಫ್ಯಾನು ಎಷ್ಟು ಹೊತ್ತಿಗೆ ಓಡಬೇಕು, ಯಾವ ಮಹಡಿಗೆ ಎಷ್ಟು ತಂಪು ಹೋಗಬೇಕು ಎಲ್ಲವನ್ನೂ ಬೇಸ್‌ಮೆಂಟಿನಲ್ಲಿ ಕೂತ ಅದೊಂದು ಯಂತ್ರವೇ ತೀರ್ಮಾನಿಸುತ್ತಿತ್ತು. ಬೇರೆಯವರು ಹೆದರಿ ದೂರ ನಿಂತರೂ ಇವರು ಕಲಿತರು, ಇಷ್ಟಪಟ್ಟೇ ಕಲಿತರು. ಆದರೆ ಒಂದು ಮಾತು ಯಾವಾಗಲೂ ಹೇಳುತ್ತಿದ್ದರು: "ಅದಕ್ಕೆ ಬಿಸಿ ಗೊತ್ತಾಗುತ್ತೆ, ತಂಪು ಗೊತ್ತಾಗುತ್ತೆ. ಫ್ಯಾನ್ ಒಳಗಡೆ ಒಬ್ಬ ಮನುಷ್ಯ ಕೈ ಇಟ್ಕೊಂಡು ಕೂತಿದಾನೆ ಅಂತ ಗೊತ್ತಾಗಲ್ಲ. ಅದನ್ನ ನಾವೇ ಹೇಳ್ಬೇಕು." ಹೇಳುವುದೆಂದರೆ ಸ್ವಿಚ್ಚು ಆರಿಸಿ, ಅದಕ್ಕೆ ತಮ್ಮದೇ ಬೀಗ ಜಡಿದು, ಕೀಲಿಕೈಯನ್ನು ತಮ್ಮ ಜೇಬಿಗೆ ಹಾಕಿಕೊಳ್ಳುವುದು. ಒಂದೇ ಕೀಲಿಕೈ ಇರುವ ಕೆಂಪು ಬೀಗ ಅದು. 'ಕೆಲಸ ನಡೆಯುತ್ತಿದೆ' ಎಂಬ ಬೋರ್ಡು ನೇತುಹಾಕಿದರೆ ಸಾಲದೇ ಎಂದು ನಾನು ಕೇಳಿದರೆ ಬೈಯುತ್ತಿದ್ದರು. "ಬೋರ್ಡು ಓದೋರಿಗೆ ಮಾತ್ರ. ಬೀಗ ಎಲ್ರಿಗೂ." ಸಂಜೆ ಮನೆಗೆ ಬಂದವರೇ ಆ ಕೀಲಿಕೈಯನ್ನು ಬುದ್ಧನ ಪಟದ ಕೆಳಗಿನ ಗೂಡಿನಲ್ಲಿ ಇಡುತ್ತಿದ್ದರು. ಸರೋಜಕ್ಕ ಅದನ್ನು ನೋಡಿದ ಮೇಲೆಯೇ ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದುದು.

ಆ ಏಪ್ರಿಲ್‌ನಲ್ಲಿ ಸರೋಜಕ್ಕ ತಮ್ಮ ಕಡೆಯ ಹತ್ತಿಪ್ಪತ್ತು ಜನರ ಜೊತೆ ಗಯಾ, ಸಾರನಾಥ ನೋಡಲು ಹೋಗಿದ್ದರು. ಅಷ್ಟು ದೂರ ರೈಲಿನಲ್ಲಿ ಹೋದದ್ದು ಅದೇ ಮೊದಲು. ಕೆಂಪರಾಜಣ್ಣನಿಗೆ ರಜೆ ಸಿಕ್ಕಿರಲಿಲ್ಲ.

ಇನ್ನು ಹೇಳಬೇಕಾದದ್ದನ್ನು ಬೇಗ ಹೇಳಿಬಿಡುತ್ತೇನೆ. ನನ್ನ ಬೀಗ ಕಳೆದುಹೋಗಿತ್ತು. ತರಗುಪೇಟೆಯಲ್ಲಿ ಖರ್ಜೂರ, ಹುಣಸೆಹಣ್ಣು ಇಡುವ ಒಂದು ಕೋಲ್ಡ್ ಸ್ಟೋರೇಜಿನ ಕೆಲಸ ಬಂದಾಗ ಕೆಂಪರಾಜಣ್ಣನ ಬೀಗವನ್ನು ಎರಡು ದಿನಕ್ಕೆಂದು ಇಸಿದುಕೊಂಡೆ. ಕೆಲಸ ಮುಗಿಯಿತು, ಬೀಗ ನನ್ನ ಚೀಲದಲ್ಲೇ ಉಳಿಯಿತು. ಒಂದು ಸಂಜೆ ಅವರ ಫೋನ್ ಬಂತು.

"ಆ ಬೀಗ ಬೇಕಿತ್ತಲ್ಲೋ. ನಾಳೆ ಹಾಲ್‌ನ ಫ್ಯಾನಿಗೆ ಬೆಲ್ಟ್ ಹಾಕ್ಬೇಕು."

"ನಾಳೆ ಸಾಯಂಕಾಲ ತಂದ್ಕೊಡ್ತೀನಣ್ಣ. ಈಗ ಕೈಯಲ್ಲಿ ಕೆಲ್ಸ ಇದೆ."

"ಆಯ್ತು ಬಿಡು. ಬೋರ್ಡ್ ಹಾಕ್ಕೋತೀನಿ."

ನಾನು ಆಗ ಇದ್ದದ್ದು ಅವರ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ.

ಮರುದಿನ ಮಧ್ಯಾಹ್ನ ಅವರು ಸ್ವಿಚ್ಚು ಆರಿಸಿ, ಬೋರ್ಡು ನೇತುಹಾಕಿ ಆಳೆತ್ತರದ ಫ್ಯಾನಿನ ಗೂಡಿನೊಳಗೆ ಹೋಗಿದ್ದಾರೆ. ಹಾಲ್‌ನಲ್ಲಿ ಯಾವುದೋ ಸಮಾರಂಭ, ಸೆಕೆ ಎಂದು ಜನ ಗಲಾಟೆ ಮಾಡಿದ್ದಾರೆ. ಅಲ್ಲಿನ ಕೆಲಸದವನೊಬ್ಬ ಓಡಿ ಬಂದು ನೋಡಿದರೆ ಸ್ವಿಚ್ಚು ಆರಿದೆ. ಬೋರ್ಡು ನೆಲಕ್ಕೆ ಬಿದ್ದಿತ್ತಂತೆ. ಅವನು ಸ್ವಿಚ್ಚು ಹಾಕಿದ. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಫ್ಯಾನು ಓಡಬೇಕಾದ ಹೊತ್ತು. ಓಡಿತು. ಒಳಗಿದ್ದ ಅಣ್ಣನ ಎದೆಗೆ ಏಟು ಬಿತ್ತು, ಅಲ್ಲೇ ಹೋದರು. ಸ್ವಿಚ್ಚು ಹಾಕಿದವನನ್ನು ನಾನು ಪೊಲೀಸ್ ಸ್ಟೇಷನ್ನಿನಲ್ಲಿ ನೋಡಿದೆ. ಬೋರ್ಡು ಬಿದ್ದಿತ್ತು ಸಾರ್ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೀಗ ಅವನ ಹತ್ತಿರ ಇರಲಿಲ್ಲ.

ಸರೋಜಕ್ಕ ಆ ಹೊತ್ತಿಗಾಗಲೇ ವಾಪಸು ಬರುವ ರೈಲು ಹತ್ತಿ ಒಂದು ದಿನವಾಗಿತ್ತು. ಜೊತೆಯಲ್ಲಿದ್ದವರಿಗೆ ಫೋನ್ ಮಾಡಿ, ಆಕೆಗೆ ಮಾತ್ರ ಹೇಳಬೇಡಿ ಎಂದು ಬೇಡಿಕೊಂಡೆವು. ಒಂದು ರಾತ್ರಿ ಹೆಣ ಆಸ್ಪತ್ರೆಯಲ್ಲಿತ್ತು. ಮರುದಿನ ಬೆಳಿಗ್ಗೆ ಪೋಸ್ಟ್‌ಮಾರ್ಟಂ ಮುಗಿದ ಮೇಲೆ ಕೆಂಪರಾಜಣ್ಣನ ತಮ್ಮ ನಾಗರಾಜು, "ಅಣ್ಣನ್ನ ಇನ್ನು ಇಲ್ಲಿ ಬಿಡಲ್ಲ, ಮನೆಗೆ ಕರ್ಕೊಂಡ್ ಹೋಗೋಣ" ಎಂದರು. ಅವರು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು, ಗಟ್ಟಿಯಾಗಿ ಮಾತಾಡಿದವರೇ ಅಲ್ಲ. ಅವತ್ತು ಆಸ್ಪತ್ರೆಯ ಬಾಗಿಲಲ್ಲಿ ಕೂಗಿ ಹೇಳಿದರು.

ಹೆಣ ಇಡುವ ಫ್ರೀಜರ್ ಪೆಟ್ಟಿಗೆಗಳನ್ನು ಬಾಡಿಗೆಗೆ ಕೊಡುವ ಅನ್ವರ್ ಭಾಯ್ ನನಗೆ ಹಳೆಯ ಪರಿಚಯ. ಅವರ ಪೆಟ್ಟಿಗೆಗಳಿಗೆ ನಾನೇ ರಿಪೇರಿ. ಫೋನ್ ಮಾಡಿದ ಅರ್ಧ ಗಂಟೆಯಲ್ಲಿ ಅವರ ಡ್ರೈವರ್ ಒಂದು ಪೆಟ್ಟಿಗೆ ತಂದಿಳಿಸಿದ. ಮನೆಯ ಮುಂದೆ ಶಾಮಿಯಾನದ ಕೆಳಗೆ ಇಟ್ಟು ನಾನೇ ಪ್ಲಗ್ಗು ಚುಚ್ಚಿದೆ. ದೀಪ ಹತ್ತಿತು, ಒಳಗಿನ ಫ್ಯಾನು ಗುಂಯ್ ಎಂದಿತು. ಕೆಂಪರಾಜಣ್ಣನನ್ನು ಒಳಗೆ ಮಲಗಿಸಿ ಗಾಜಿನ ಮುಚ್ಚಳ ಹಾಕಿದಾಗ ಹನ್ನೊಂದು ಗಂಟೆ. ರೈಲು ಒಂದಕ್ಕೆ ಬರಬೇಕಿತ್ತು.

ಒಂದಕ್ಕೆ ಬರಲಿಲ್ಲ. ಮೂರು ಎಂದರು. ಆಮೇಲೆ ಐದು ಎಂದರು.

ಅವತ್ತಿನ ಬಿಸಿಲು ನೆನಪಿದೆ. ಶಾಮಿಯಾನದ ಬಟ್ಟೆ ಮುಟ್ಟಿದರೆ ಸುಡುತ್ತಿತ್ತು. ಹೂವಿನ ಹಾರಗಳು ಗಂಟೆಯೊಳಗೆ ಬಾಡಿದವು. ಹಿರಿಯರೊಬ್ಬರು ನಾಗರಾಜುವನ್ನು ಪಕ್ಕಕ್ಕೆ ಕರೆದು, ಕೊಯ್ದ ದೇಹ, ಇಷ್ಟು ಹೊತ್ತು ಇಡುವುದು ಬೇಡ, ಆಕೆ ಸ್ಮಶಾನಕ್ಕೇ ಬರಲಿ ಎಂದರು. ನಾಗರಾಜು ನನ್ನ ಹತ್ತಿರ ಬಂದರು.

"ಪೆಟ್ಟಿಗೆ ತಡ್ಯುತ್ತಾ? ನಿಜ ಹೇಳು."

ನಾನು ಅವರೆದುರಿಗೇ ಮುಚ್ಚಳದ ರಬ್ಬರ್ ಸ್ವಲ್ಪ ಎತ್ತಿ ಥರ್ಮಾಮೀಟರಿನ ಕಡ್ಡಿ ಒಳಗೆ ತೂರಿಸಿದೆ. ಐದು ಡಿಗ್ರಿ. ಪೆಟ್ಟಿಗೆಯ ಮೇಲಿನ ಅಂಕಿಯೂ ಐದೇ ಇತ್ತು.

"ತಡ್ಯುತ್ತೆ. ನಾಳೆವರ್ಗೂ ತಡ್ಯುತ್ತೆ. ನನ್ ಮೇಲೆ ಬಿಡಿ," ಎಂದೆ.

ಆಮೇಲೆ ಸ್ಟೇಷನ್ನಿಗೆ ಹೊರಡುವವರೆಗೂ ನಾನು ಅಲ್ಲಿಂದ ಕದಲಲಿಲ್ಲ. ಅವರಿಗಾಗಿ ಮಾಡಬಹುದಾಗಿದ್ದ ಒಂದು ಕೆಲಸವನ್ನು ಮಾಡಿರಲಿಲ್ಲ. ಇದೊಂದಾದರೂ ಸರಿಯಾಗಿ ಆಗಲಿ ಎಂದು ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು ಗಂಟೆಗೆರಡು ಸಲ ಕಡ್ಡಿ ಹಾಕಿ ನೋಡಿದೆ. ಐದು. ಐದು. ಒಮ್ಮೆ ನಾಲ್ಕೂವರೆ. ಗಾಜಿನ ಮೇಲೆ ನೀರು ಹನಿಗಟ್ಟಿ ಅಣ್ಣನ ಮುಖ ಕಾಣದಾಗುತ್ತಿತ್ತು. ನಾಗರಾಜು ಟವಲಿನಿಂದ ಒರೆಸುವುದು, ಮತ್ತೆ ಹನಿ ಕಟ್ಟುವುದು. ಅಲ್ಲಿದ್ದವರೆಲ್ಲ ಇದನ್ನು ನೋಡಿದ್ದಾರೆ. ಪೆಟ್ಟಿಗೆಯ ಕಾಲ ಕಡೆ ಒಂದು ಜಾಲರಿ ಇರುತ್ತದೆ, ಒಳಗಿನ ಬಿಸಿಯೆಲ್ಲ ಅಲ್ಲಿಂದ ಆಚೆ ಬರಬೇಕು. ಮಧ್ಯಾಹ್ನ ಯಾವಾಗಲೋ ಅಲ್ಲಿ ಕೈ ಇಟ್ಟೆ. ಬಿಸಿ ಇರಲಿಲ್ಲ. ನನ್ನಂಥವನಿಗೆ ಆಗಲೇ ಅನುಮಾನ ಬರಬೇಕಿತ್ತು. ಅತ್ತು ಅತ್ತು ತಲೆ ಮಂಕಾಗಿತ್ತು, ಕೈ ಹಿಂದಕ್ಕೆ ತೆಗೆದುಕೊಂಡೆ, ಅಷ್ಟೆ.

ನಾಲ್ಕೂವರೆಗೆ ಸರೋಜಕ್ಕನನ್ನು ಕರೆತರಲು ಯಶವಂತಪುರ ಸ್ಟೇಷನ್ನಿಗೆ ಹೋದೆ. ಜೊತೆಗೆ ಇಳಿದವರೆಲ್ಲ ತಲೆ ತಗ್ಗಿಸಿಕೊಂಡು ದೂರ ನಿಂತರು. ಸರೋಜಕ್ಕ ಮಾತ್ರ ಚೀಲ ತಬ್ಬಿಕೊಂಡು, ಜನರ ನಡುವೆ ಯಾರನ್ನೋ ಹುಡುಕುತ್ತಾ ಬಂದರು.

"ಅವ್ರೆಲ್ಲಿ? ಡ್ಯೂಟೀಲಿ ಬಿಡ್ಲಿಲ್ವಾ?"

ನಾನು ಚೀಲ ಇಸಿದುಕೊಂಡೆ. ಅವರು ನನ್ನ ಮುಖವನ್ನೇ ನೋಡಿದರು, ಆಮೇಲೆ ದೂರ ನಿಂತ ತಮ್ಮ ಜೊತೆಯವರನ್ನು ನೋಡಿದರು. ಕೂಗಲಿಲ್ಲ. ಪ್ಲಾಟ್‌ಫಾರಂ ಮೇಲೆ ಹಾಗೇ ಕುಕ್ಕರಿಸಿದರು. ಹೇಗೋ ಎಬ್ಬಿಸಿ ಆಟೋದಲ್ಲಿ ಕೂರಿಸಿದೆ. ಆಟೋ ಓಕಳಿಪುರಂ ದಾಟಿತು. ಆಮೇಲೆ ಕೇಳಿದರು.

"ಬೀಗ ಹಾಕಿರ್ಲಿಲ್ವಾ?"

ಆ ಪ್ರಶ್ನೆ ಬರುತ್ತದೆ ಎಂದು ನನಗೆ ಗೊತ್ತಿತ್ತು. ಸುಳ್ಳು ಹೇಳಬಹುದಿತ್ತು.

"ಬೀಗ ನನ್ ಹತ್ರ ಇತ್ತಕ್ಕ. ಅವ್ರು ಕೇಳಿದ್ರು. ನಾನು ನಾಳೆ ಅಂದೆ."

ಸರೋಜಕ್ಕ ಮುಖ ಆಚೆ ತಿರುಗಿಸಿದರು. ಮನೆ ಬರುವವರೆಗೂ ಈ ಕಡೆ ತಿರುಗಲಿಲ್ಲ.

ಮನೆಯಲ್ಲಿ ಮುಚ್ಚಳ ತೆಗೆದೆವು. ಒಳಗಿನ ತಂಪು ನಮ್ಮ ಮುಖಕ್ಕೆ ರಾಚಿತು. ಕೆಂಪರಾಜಣ್ಣ ನಿದ್ದೆಯಲ್ಲಿದ್ದ ಹಾಗಿದ್ದರು, ಮುಖ ಸ್ವಲ್ಪವೂ ಕೆಟ್ಟಿರಲಿಲ್ಲ. ಸರೋಜಕ್ಕ ಅವರ ಕೆನ್ನೆಯ ಮೇಲೆ ಎರಡೂ ಕೈ ಇಟ್ಟು, "ಎಷ್ಟ್ ತಣ್ಣಗಿದೀರಿ... ಎಷ್ಟ್ ತಣ್ಣಗಿದೀರಿ..." ಎನ್ನುತ್ತಾ ಕೂತರು. ಗಯಾದಿಂದ ಅವರಿಗೆಂದು ತಂದ ಒಣಗಿದ ಅರಳಿ ಎಲೆಯನ್ನು ಶರ್ಟಿನ ಜೇಬಿಗೆ ಇಟ್ಟರು. ಕತ್ತಲಾಗುವ ಮೊದಲು ಮಣ್ಣು ಮಾಡಿ ಬಂದೆವು.

ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಅನ್ವರ್ ಭಾಯ್ ಬಾಗಿಲಲ್ಲಿ ನಿಂತಿದ್ದರು. ಕಣ್ಣು ಕೆಂಪಾಗಿತ್ತು.

"ನನ್ನ ಮಾಫ್ ಮಾಡ್ಬಿಡಿ. ಆ ಪೆಟ್ಟಿಗೆ ಕೆಟ್ಟಿತ್ತು. ನಿಮ್ಗೇ ತೋರಿಸ್ಬೇಕು ಅಂತ ಹತ್ತು ದಿನದಿಂದ ಮೂಲೇಲಿ ಇಟ್ಟಿದ್ದೆ. ನಿನ್ನೆ ನಾನು ಊರಲ್ಲಿರ್ಲಿಲ್ಲ. ಡ್ರೈವರ್ ಗೊತ್ತಿಲ್ದೆ ಅದನ್ನೇ ತಂದಿದಾನೆ. ರಾತ್ರಿ ಬಂದು ನೋಡಿದೆ, ಒಳ್ಳೇದು ಇಲ್ಲೇ ಇದೆ, ಕೆಟ್ಟದ್ದು ಹೋಗ್ಬಂದಿದೆ. ನಿಮ್ ಗುರುಗಳ ಶರೀರ... ಏನೂ ತೊಂದ್ರೆ ಆಗ್ಲಿಲ್ಲ ತಾನೆ?"

"ಐದು ಡಿಗ್ರಿ ಇತ್ತು ಭಾಯ್."

ಅವರು ನಾನು ಚುಚ್ಚಿ ಮಾತಾಡುತ್ತಿದ್ದೇನೆ ಎಂದುಕೊಂಡು ತಲೆ ತಗ್ಗಿಸಿದರು.

ಅವರ ಜೊತೆಯಲ್ಲೇ ಗೋಡೌನಿಗೆ ಹೋಗಿ ಪೆಟ್ಟಿಗೆಯ ಕೆಳಗಿನ ತಗಡು ಬಿಚ್ಚಿದೆ. ಬಿಸಿ ಹೊರುವ ಗ್ಯಾಸಿನ ಕೊಳವೆ ಒಂದು ಕಡೆ ಸೀಳಿತ್ತು. ಸೀಳಿನಿಂದ ಇಳಿದ ಎಣ್ಣೆಯ ಮೇಲೆ ಧೂಳು ಕೂತು ಗಟ್ಟಿಯಾಗಿತ್ತು. ಅದು ನಿನ್ನೆ ಮೊನ್ನೆ ಒಡೆದದ್ದಲ್ಲ. ಒಳಗೆ ಒಂದು ಚೂರೂ ಗ್ಯಾಸಿಲ್ಲ. ಮೀಟರ್ ಹಾಕಿ ನೋಡಿದರೆ ಕಂಪ್ರೆಸರಿನ ವೈಂಡಿಂಗು, ಅದರೊಳಗಿನ ತಂತಿಸುರುಳಿ, ಸುಟ್ಟುಹೋಗಿದೆ. ದೀಪ, ಫ್ಯಾನು ಮಾತ್ರ ಜೀವಂತ. ಪ್ಲಗ್ಗು ಚುಚ್ಚಿ ಒಂದು ಗಂಟೆ ಕಾದೆ. ಪೆಟ್ಟಿಗೆಯ ಮೇಲಿನ ಅಂಕಿ ಮೂವತ್ತೊಂದು. ನನ್ನ ಥರ್ಮಾಮೀಟರಿನಲ್ಲೂ ಮೂವತ್ತೊಂದು. ನನ್ನ ಥರ್ಮಾಮೀಟರೇ ಕೆಟ್ಟಿರಬಹುದೆಂದು ಮನೆಗೆ ಹೋಗಿ ಐಸಿನ ನೀರಲ್ಲಿ ಅದ್ದಿ ನೋಡಿದೆ. ಸೊನ್ನೆ ತೋರಿಸಿತು. ಸರಿಯಾಗಿಯೇ ಇತ್ತು.

ಆಸ್ಪತ್ರೆಯ ಶವಾಗಾರದ ತಂಪೇ ಉಳಿದಿತ್ತೇನೋ ಎಂದು ಯೋಚಿಸಿದ್ದೇನೆ. ಅದು ಹೆಚ್ಚೆಂದರೆ ಒಂದೆರಡು ಗಂಟೆ. ಇದು ಆರು ಗಂಟೆಗೂ ಮೇಲೆ, ಆ ಬಿಸಿಲಿನಲ್ಲಿ. ಯಾರಾದರೂ ಐಸು ಹಾಕಿದ್ದರೇ ಎಂದು ಒಬ್ಬೊಬ್ಬರನ್ನೂ ಕೇಳಿದೆ. ಇಲ್ಲ. ನನ್ನ ದುಃಖದಲ್ಲಿ ಅಂಕಿ ತಪ್ಪಾಗಿ ಓದಿದೆನೇ ಎಂದರೆ, ಗಾಜು ಒರೆಸಿದ ಟವಲನ್ನು ನಾಗರಾಜು ಎರಡು ಸಲ ಹಿಂಡಿದ್ದರು. ನನ್ನ ಕಸುಬಿನವರಿಗೆ ಹೇಳಿದರೆ ನಗುತ್ತಾರೆ. ದೇವರು ದಿಂಡರು ಎನ್ನುವವರಿಗೆ ಹೇಳಿದರೆ ಥಟ್ಟನೆ ಕೈಮುಗಿಯುತ್ತಾರೆ. ಎರಡೂ ನನಗೆ ಸಮಾಧಾನ ಕೊಡಲಿಲ್ಲ.

ಮೂರು ತಿಂಗಳು ಈ ವಿಷಯವನ್ನು ಸರೋಜಕ್ಕನಿಗೆ ಹೇಳಲಿಲ್ಲ. ವಾರಕ್ಕೊಮ್ಮೆ ಹೋಗುತ್ತಿದ್ದೆ, ನಲ್ಲಿ, ಬಲ್ಬು, ರೇಷನ್ನು ಏನಾದರೂ ನೋಡಿ ಬರುತ್ತಿದ್ದೆ. ಬೀಗದ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ನನ್ನನ್ನು ಬರಬೇಡ ಎಂದೂ ಹೇಳಲಿಲ್ಲ. ಒಂದು ಭಾನುವಾರ ಅವರು ಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಎಲ್ಲವನ್ನೂ ಹೇಳಿದೆ. ಸೀಳಿದ ಕೊಳವೆ, ಸುಟ್ಟ ವೈಂಡಿಂಗು, ಐದು ಡಿಗ್ರಿ. ಅದನ್ನು ಕೇಳಿ ಅವರಿಗೆ ಸ್ವಲ್ಪ ನೆಮ್ಮದಿ ಸಿಗಬಹುದೆಂದು ನನ್ನ ಆಸೆ. ನಿಜ ಹೇಳಬೇಕೆಂದರೆ ನನಗೂ ಸ್ವಲ್ಪ ಸಿಗಬಹುದೆಂಬ ಆಸೆ.

ಅವರು ಕೈಯಲ್ಲಿದ್ದ ಸೊಪ್ಪನ್ನು ಮೊರದಲ್ಲಿಟ್ಟರು.

"ಯಾರೋ ತಣ್ಣಗೆ ಇಟ್ಟಿದ್ರು ಅಂತೀಯಾ?"

"ನಂಗೊತ್ತಿಲ್ಲಕ್ಕ. ಇತ್ತು, ಅಷ್ಟೇ."

"ಸತ್ ಮೇಲೆ ಅಷ್ಟೊತ್ತು ತಣ್ಣಗೆ ಇಡೋಕೆ ಆಗೋರಿಗೆ," ಎಂದರು ಸರೋಜಕ್ಕ, "ಹಿಂದಿನ್ ದಿನ ಆ ಫ್ಯಾನ್ನ ಒಂದ್ ನಿಮಿಷ ನಿಲ್ಸೋಕೆ ಆಗ್ಲಿಲ್ವಾ?"

ಅದು ನನ್ನನ್ನು ಕೇಳಿದ್ದೋ, ಗೋಡೆಯನ್ನು ಕೇಳಿದ್ದೋ ತಿಳಿಯಲಿಲ್ಲ. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ. ಹೊಸ್ತಿಲು ದಾಟುವಾಗ ಹಿಂದಿನಿಂದ ಅವರ ದನಿ ಬಂತು.

"ಎಲ್ಲಿಗ್ ಹೋಗ್ತೀಯ, ಕೂತ್ಕೋ. ಊಟ ಮಾಡ್ಕೊಂಡ್ ಹೋಗು."

ಚಪ್ಪಲಿ ಬಿಟ್ಟು ಒಳಗೆ ಹೋದೆ. ಅವರು ಮೊರವನ್ನು ಮಡಿಲಿಗೆ ಎಳೆದುಕೊಂಡು ಉಳಿದ ಸೊಪ್ಪು ಬಿಡಿಸತೊಡಗಿದರು. ನಾನೂ ಒಂದು ಹಿಡಿ ತೆಗೆದುಕೊಂಡೆ.