ನಲ್ಲಿಯ ಪಕ್ಕದ ಇಟ್ಟಿಗೆ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಮಾನ್ವಿಯ ಆ ಕಂಪ್ಯೂಟರ್ ಸೆಂಟರಿನಲ್ಲಿ ನಾನು ಒಬ್ಬನ ಕಪಾಳಕ್ಕೆ ಬಾರಿಸಿದ್ದು ನಿಜ. ಇವತ್ತು ಅವನು ಎದುರಿಗೆ ಬಂದರೂ ನನ್ನ ಕೈ ಸುಮ್ಮನಿರುತ್ತದೆಂದು ಹೇಳಲಾರೆ.

ಅವ್ವ ಪೋತ್ನಾಳದಲ್ಲಿ ಅಕ್ಕನ ಮನೆಯಲ್ಲಿ ಇರುತ್ತಾಳೆ. ಅಳಿಯನ ಮನೆಯ ಅನ್ನವನ್ನು ಪುಕ್ಕಟೆ ತಿನ್ನಬಾರದು ಎಂಬುದು ಅವಳ ಹಟ. ಗದ್ದೆಯಲ್ಲಿ ಸಸಿ ಹಚ್ಚುವ ಕೂಲಿ ಮಾಡುತ್ತಾಳೆ, ಆದರೆ ಆ ಕೂಲಿಗಿಂತ ಅವಳಿಗೆ ದೊಡ್ಡದು ರೇಷನ್ ಕಾರ್ಡಿನಲ್ಲಿ ತನ್ನ ಹೆಸರಿಗೆ ಬರುವ ಅಕ್ಕಿ. ಅದನ್ನು ತಾನೇ ಹೊತ್ತು ತಂದು ಅಳಿಯನ ಕಣ್ಣೆದುರು ಡಬ್ಬಿಗೆ ಸುರಿದರೇನೇ ಅವಳಿಗೆ ತುತ್ತು ಇಳಿಯುವುದು. ಆ ಸಲ ಕಾರ್ಡಿನಲ್ಲಿರುವ ಪ್ರತಿಯೊಬ್ಬರೂ ಮತ್ತೆ ಹೆಬ್ಬೆಟ್ಟು ಕೊಡಬೇಕು, ಕೊಡದವರ ಹೆಸರು ತೆಗೆಯುತ್ತಾರೆ ಎಂದು ಸುದ್ದಿ ಬಂತು. ಅಕ್ಕ, ಭಾವ ಮೊದಲೇ ಕೊಟ್ಟು ಬಂದರು. ಅವ್ವ ಮಾತ್ರ ನಾಟಿ ಮುಗಿಯಲಿ, ಮುಗಿಯಲಿ ಎಂದು ಕಡೆಯ ದಿನದವರೆಗೆ ಎಳೆದಳು.

ನಾನು ರಾಯಚೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಅವ್ವನ ಜೊತೆಗಿರಲೆಂದು ಅರ್ಧ ದಿನ ರಜೆ ಹಾಕಿ, ಬಸ್ಸಿನಲ್ಲಿ ಮಾನ್ವಿಗೆ ಬಂದು ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಸೆಂಟರಿನ ಮುಂದೆ ಉದ್ದಕ್ಕೆ ಸಾಲು. ಅವ್ವ ಸಾಲಿನಲ್ಲಿ ಇರಲಿಲ್ಲ. ಗೋಡೆಯ ಮೂಲೆಯ ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಹೆಬ್ಬೆರಳನ್ನು ಒಂದು ಇಟ್ಟಿಗೆ ತುಂಡಿಗೆ ತಿಕ್ಕುತ್ತಿದ್ದಳು.

ಆ ಇಟ್ಟಿಗೆಯ ಬಗ್ಗೆ ಹೇಳಬೇಕು. ಸಸಿ ಹಚ್ಚುವವರ, ಹತ್ತಿ ಬಿಡಿಸುವವರ ಬೆರಳಿನ ಗೆರೆಗಳು ಸವೆದಿರುತ್ತವೆ, ಅದರ ಮೇಲೆ ಕೆಸರಿನ ಕರೆ ಕೂತಿರುತ್ತದೆ. ಬೆರಳಚ್ಚಿನ ಯಂತ್ರ ಗುರುತು ಹಿಡಿಯದಿದ್ದರೆ ಹೊರಗೆ ಹೋಗಿ ಕೈ ತೊಳೆದು, ಬೆರಳನ್ನು ಇಟ್ಟಿಗೆಗೆ ತಿಕ್ಕಿ, ತಲೆಗೂದಲಿಗೆ ಒರೆಸಿಕೊಂಡು ಮತ್ತೆ ಬರಬೇಕು. ಅದಕ್ಕೆಂದೇ ನಲ್ಲಿಯ ಪಕ್ಕದಲ್ಲಿ ಒಂದು ತುಂಡು ಬಿದ್ದಿರುತ್ತದೆ. ಎಷ್ಟೋ ಸಲ ತಿಕ್ಕಿದ ಮೇಲೆ ಯಂತ್ರ ಹಿಡಿಯುತ್ತದೆ ಕೂಡ, ಹಾಗಾಗಿ ಯಾರೂ ಮರುಮಾತಾಡುವುದಿಲ್ಲ. ಯಂತ್ರ ಹಿಡಿಯಲಿಲ್ಲ ಎಂದರೆ ಬೆರಳು ಕೆಟ್ಟಿದೆ, ಅಷ್ಟೆ.

"ಎಷ್ಟು ಹೊತ್ತಾತು ಬೇ ಯವ್ವಾ?"

"ಬಾಗಲಾ ತೆಗದಾಗಿಂದ ತಿಕ್ಕಾಕತ್ತೀನಿ. ಎಲ್ಲಾರಕಿಂತ ಮೊದಲ ಬಂದಾಕಿ ನಾನಽ. ಇನ್ನಾ ಹಿಡಿವಲ್ದು ನೋಡು."

ಕೈ ಎಳೆದು ನೋಡಿದೆ. ಹೆಬ್ಬೆರಳು ಹಿಡಿಯದಿದ್ದರೆ ತೋರುಬೆರಳು, ಅದೂ ಇಲ್ಲವಾದರೆ ಇನ್ನೊಂದು, ಹೀಗೆ ಹತ್ತೂ ಬೆರಳಿನ ತುದಿ ಸುಲಿದು ರಕ್ತ ಜಿನುಗುತ್ತಿತ್ತು. ಇಟ್ಟಿಗೆ ಮೊದಲೇ ಕೆಂಪು, ಅದರ ಮೇಲಿನ ರಕ್ತ ಬರೀ ನೀರಿನ ಹಾಗೆ ಕಾಣುತ್ತಿತ್ತು. ಅವಳ ಮೊಣಕೈ ಹಿಡಿದು ಒಳಗೆ ನುಗ್ಗಿದೆ.

ಸೆಂಟರ್ ನಡೆಸುವವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತಿದ್ದ. ಮೇಜಿನ ಮೇಲೆ ಬೆರಳಚ್ಚಿನ ಯಂತ್ರ, ಮುಷ್ಟಿಯಷ್ಟು ದೊಡ್ಡದು, ಯುಎಸ್‌ಬಿ ವೈರಿನಿಂದ ಕಂಪ್ಯೂಟರಿಗೆ ತಗುಲಿತ್ತು. ಅದರ ಕೆಂಪು ದೀಪ ಉರಿಯುತ್ತಿತ್ತು. ದೀಪ ಉರಿದರೆ ಯಂತ್ರ ನೆಟ್ಟಗಿದೆ ಎಂದೇ ಎಲ್ಲರ ಲೆಕ್ಕ.

"ರಕ್ತ ಬರಾಕತ್ತದ, ಕಣ್ಣು ಕಾಣಂಗಿಲ್ಲೇನು ನಿನಗ?" ಎಂದೆ.

"ನಾ ಏನ್ ಮಾಡ್ಲಿ ಅಕ್ಕಾರ, ನಿಮ್ಮವ್ವನ ಬಟ್ಟು ಸವದಾವ. ಇಲ್ಲಿ ಇದ್ದೋರವು ಎಲ್ಲಾ ಹಂಗಽ ಅದಾವ, ಮುಂಜಾನಿಂದ ಒಂದೂ ಹಿಡದಿಲ್ಲ. ಇನ್ನೊಮ್ಮಿ ತಿಕ್ಕೊಂಡು ಬರ್ರಿ."

ಮುಂಜಾನೆಯಿಂದ ಒಂದೂ ಹಿಡಿದಿಲ್ಲವಂತೆ! ಸಾಲಿನಲ್ಲಿದ್ದವರೆಲ್ಲ ಕೂಲಿಯವರೇ ಆಗಿದ್ದರಿಂದ ಆ ಮಾತು ಅಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ಅಷ್ಟರಲ್ಲಿ ಅಕ್ಕಿ ಗಿರಣಿಯ ಸಾವುಕಾರರೊಬ್ಬರು ಬಂದರು, ಹೊಲದ ನೋಂದಣಿಗೆ ಹೆಬ್ಬೆಟ್ಟು ಕೊಡುವುದಿತ್ತಂತೆ. ಅವರಿಗೆ ಸಾಲು ಇಲ್ಲ. "ಬರ್ರಿ ಸಾವ್ಕಾರ್ರ, ಕುಂದರ್ರಿ" ಎಂದು ಅವನು ಕುರ್ಚಿ ಒರೆಸಿದ. ಉಂಗುರವಿದ್ದ ದುಂಡನೆಯ ಕೈ, ಬೆಣ್ಣೆಯಂಥ ಹೆಬ್ಬೆರಳು ಯಂತ್ರದ ಮೇಲೆ ಕೂತಿತು. ಹಿಡಿಯಲಿಲ್ಲ. ಮತ್ತೊಮ್ಮೆ ಇಟ್ಟರು. ಹಿಡಿಯಲಿಲ್ಲ.

ಅವನು ಹಲ್ಲು ಕಿರಿದ. "ತಪ್ಪು ತಿಳ್ಕೋಬ್ಯಾಡ್ರಿ ಸಾವ್ಕಾರ್ರ. ರಾತ್ರಿ ಕಂಪ್ಯೂಟರ್ ಅಪ್‌ಡೇಟ್ ಆಗ್ಯಾದ, ಮಷೀನಽ ಕೆಟ್ಟಂಗದ."

ನನ್ನ ಕೈ ತಾನಾಗಿಯೇ ಹೋಯಿತು. ಕಪಾಳದ ಏಟಿಗೆ ಅವನ ಇಯರ್‌ಫೋನ್ ಹಾರಿ ಬಿತ್ತು. ಸಾಲಿನ ಮುಂದಿದ್ದ ದೇವದುರ್ಗದ ಕಡೆಯ ಹಮಾಲನೊಬ್ಬ ಮೇಜು ದಾಟಿ ಬಂದು, ಅವನ ಕುತ್ತಿಗೆಪಟ್ಟಿ ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. "ನಮ್ಮ ಬಟ್ಟು ಕೆಟ್ಟಿದ್ವು, ಸಾವ್ಕಾರ್ರ ಬಟ್ಟಿಗೆ ಮಷೀನ್ ಕೆಟ್ತೇನಲೇ!" ಎನ್ನುತ್ತಾ ಮತ್ತೊಮ್ಮೆ ಅಪ್ಪಳಿಸಿದ. ತುಟಿ ಹರಿದು ಇಸ್ತ್ರಿ ಅಂಗಿಯ ಮೇಲೆ ರಕ್ತ ಇಳಿಯಿತು. ಹೆಂಗಸರು ಚಪ್ಪಲಿ ಕಳಚಿದರು. ಬಾಗಿಲಿನ ಗಾಜು ಒಡೆಯಿತು. ಸಾವುಕಾರರು ಯಾವ ಸಂದಿಯಲ್ಲಿ ಜಾರಿಕೊಂಡರೋ ನನಗೆ ಗೊತ್ತಾಗಲಿಲ್ಲ. ಸುಳ್ಳೇಕೆ ಹೇಳಲಿ, ಆ ರಕ್ತ ಕಂಡು ನನಗೆ ಸಮಾಧಾನವಾಯಿತು.

ಯಾರೋ ಸ್ಟೂಲ್ ಎತ್ತಿ ಕಂಪ್ಯೂಟರಿನ ಮೇಲೆ ಬೀಸಲು ಹೊರಟಾಗ ಮಾತ್ರ ನಾನು ಅಡ್ಡ ಬಿದ್ದೆ. ಏಟು ನನ್ನ ಭುಜಕ್ಕೆ ಬಿತ್ತು. "ಅದನ್ನ ಒಡದ್ರ ಸಂಜಿಗಿ ಎಲ್ಲಾರ ಹೆಸರೂ ಹೋಗ್ತಾವ! ದೂರ ಸರೀರಿ!" ಎಂದು ಕಿರುಚಿದೆ.

ನಮ್ಮ ಆಫೀಸಿನ ಪ್ರಿಂಟರ್ ಹಿಂದೊಮ್ಮೆ ಹೀಗೇ ಅಪ್‌ಡೇಟ್ ಆದ ಮರುದಿನ ಮುಷ್ಕರ ಹೂಡಿತ್ತು, ಹಾಗಾಗಿ ದಾರಿ ಗೊತ್ತಿತ್ತು. ಕುರ್ಚಿಯಲ್ಲಿ ನಾನೇ ಕೂತೆ. ಪರದೆಯ ಮೇಲೆ 'ಸಾಧನ ಸಿಗುತ್ತಿಲ್ಲ' ಎಂದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಈ ಮಹಾರಾಯ ಮುಂಜಾನೆಯಿಂದ ಅದನ್ನು ಓದುವ ಗೋಜಿಗೇ ಹೋಗಿರಲಿಲ್ಲ. ವೈರು ಕಿತ್ತು ಹಿಂದಿನ ಪೋರ್ಟಿಗೆ ಹಾಕಿದೆ, ಆಗಲಿಲ್ಲ. ಸಾಧನಗಳ ಪಟ್ಟಿ ತೆರೆದರೆ ಯಂತ್ರದ ಹೆಸರಿನ ಮುಂದೆ ಹಳದಿ ಗುರುತು. ಹೊಸ ಡ್ರೈವರ್ ತೆಗೆದುಹಾಕಿದೆ. "ಹಳೇದು ಎಲ್ಲಿಟ್ಟೀಯೋ?" ಎಂದು ಕೂಗಿದೆ. ಹಮಾಲನ ಹಿಡಿತದಲ್ಲಿದ್ದ ಅವನು ರಕ್ತ ನುಂಗುತ್ತಾ ಅದಿದ್ದ ಜಾಗ ಹೇಳಿದ. ಅದನ್ನು ಹಾಕಿ, ಕಂಪ್ಯೂಟರ್ ಆರಿಸಿ ಮತ್ತೆ ಹಚ್ಚಿದಾಗ ಹಳದಿ ಗುರುತು ಮಾಯವಾಗಿತ್ತು. ಹಮಾಲ ಬೆರಳಿಟ್ಟ. ಪರದೆಯಲ್ಲಿ ಹಸಿರು ಗೆರೆ ಬಂತು. ಜನ ಹೋ ಎಂದರು.

"ಈಗ ನೀ ಬಾ ಬೇ ಯವ್ವಾ" ಎಂದೆ.

ಅವ್ವ ಸೀರೆಯ ಸೆರಗಿಗೆ ಬೆರಳು ಒರೆಸಿಕೊಂಡು ಇಟ್ಟಳು. ಕೆಂಪು ಗೆರೆ. ಇನ್ನೊಂದು ಬೆರಳು, ಮತ್ತೊಂದು, ಎಲ್ಲಕ್ಕೂ ಕೆಂಪೇ. ಈ ಸಲ ಪರದೆಯಲ್ಲಿ ಬಂದ ಸಾಲು ಬೇರೆ ಇತ್ತು: ಬೆರಳಿನ ಗುರುತು ಹೊಂದುತ್ತಿಲ್ಲ. ಗಾಜಿನ ಮೇಲೆ ಅಂಟಿದ ರಕ್ತವನ್ನು ನಾನು ಒರೆಸುವುದು, ಅವಳು ಇಡುವುದು. ಹಿಂದಿದ್ದವರೆಲ್ಲ ಒಬ್ಬೊಬ್ಬರಾಗಿ ಮುಗಿಸಿ ಹೋದರು. ನಡುನಡುವೆ ಅವ್ವ ಮತ್ತೆ ಮತ್ತೆ ಇಟ್ಟು ನೋಡಿದಳು. ಹೊತ್ತು ಮುಳುಗುವ ಮೊದಲೇ, ಗಡುವು ಮುಗಿಯಿತೆಂದು ಪರದೆಯ ಮೇಲಿನ ರೇಷನ್ ಪುಟ ಮುಚ್ಚಿಕೊಂಡಿತು.

ನಾನು ಹೊರಗೆ ಓಡಿ ಆ ಇಟ್ಟಿಗೆ ಎತ್ತಿಕೊಂಡು ಬಂದೆ. ಯಾರ ತಲೆಗೆ ಹಾಕಬೇಕೆಂದಿದ್ದೆನೋ ನನಗೇ ಗೊತ್ತಿಲ್ಲ. ಮೂಲೆಯಲ್ಲಿ ಕೂತಿದ್ದ ಸೆಂಟರಿನವನು ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಅವ್ವ ನನ್ನ ಮಣಿಕಟ್ಟು ಹಿಡಿದು ಇಟ್ಟಿಗೆ ಕಸಿದುಕೊಂಡಳು.

"ಇಲ್ಲೇ ಬಿಟ್ರ ನಾಳೆ ಮತ್ಯಾರರೆ ತಿಕ್ತಾರ" ಎಂದು ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಹೆಬ್ಬೆಟ್ಟು ಕೊಟ್ಟು ಹಾಗೇ ರೇಷನ್ ಅಂಗಡಿಗೆ ಹೋಗುವುದೆಂದು ಮುಂಜಾನೆ ತಂದಿದ್ದ ಅಕ್ಕಿ ಚೀಲ ಅದು.

ಪೋತ್ನಾಳದ ಮನೆಯಲ್ಲಿ ಭಾವ ಕಟ್ಟೆಯ ಮೇಲೆ ಕೂತಿದ್ದರು. ಚೀಲದ ಭಾರ ಕಂಡು, "ಅಕ್ಕಿ ಕೊಟ್ರೇನತ್ತಿ?" ಎಂದು ಕೇಳಿದರು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ, ವಾಡಿಕೆಯ ಮಾತು. ಅವ್ವ ಚೀಲದಿಂದ ಇಟ್ಟಿಗೆ ತೆಗೆದು ಅವರ ಕಾಲ ಹತ್ತಿರ ಇಟ್ಟು ಒಳಗೆ ಹೋದಳು. ಅಕ್ಕ ಗಂಗಾಳಕ್ಕೆ ಅನ್ನ ಹಾಕಿದಳು. ಅವ್ವ ಅದನ್ನು ಮುಟ್ಟಲಿಲ್ಲ.