ಧೂಮಕೇತುವಿನ ಅಳತೆ ತಪ್ಪಿರಲಿಲ್ಲ, ಕನಕಮ್ಮ ಸಹಿ ಹಾಕಲಿಲ್ಲ

ತಗಡಿನ ಚಾವಣಿಗೆ ಎರಡೂ ಕೈ ಕೊಟ್ಟು ಕನಕಮ್ಮ ಜೋರಾಗಿ ದಬ್ಬುತ್ತಾರೆ. ಗಾಲಿಗಳು ಕಿರ್ರೆಂದು ಹಳಿಯ ಮೇಲೆ ಉರುಳುತ್ತವೆ, ಚಾವಣಿ ಪಕ್ಕಕ್ಕೆ ಸರಿಯುತ್ತದೆ, ತಲೆಯ ಮೇಲೆ ಆಕಾಶ ಬಿಚ್ಚಿಕೊಳ್ಳುತ್ತದೆ. ಬೆಳಗಿನ ನಾಲ್ಕು ನಲವತ್ತು. ತಂಬ್ರಹಳ್ಳಿಯ ಹೊರಗೆ, ಹಳೇ ಗೋದಾಮೊಂದರ ಮಾಳಿಗೆಯ ಮೇಲೆ ಹದಿನಾಲ್ಕು ಇಂಚಿನ ದೂರದರ್ಶಕ ಮೂಡಣಕ್ಕೆ ಮುಖ ಮಾಡಿ ನಿಂತಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಾಜಿನ ಮೇಲೆ ಧೂಳು ಕೂತಿದೆಯೇ ಎಂದು ಕೆಂಪು ಟಾರ್ಚಿನಲ್ಲಿ ನೋಡಿ, ಕಂಪ್ಯೂಟರಿನ ಗಡಿಯಾರವನ್ನು ಮತ್ತೊಮ್ಮೆ ಹೊಂದಿಸಿ ಕನಕಮ್ಮ ಸ್ಟೂಲಿನ ಮೇಲೆ ಕೂರುತ್ತಾರೆ. ಇನ್ನು ಇಪ್ಪತ್ತೈದು ನಿಮಿಷ. ಆಮೇಲೆ ಬೆಳಕು ಎಲ್ಲವನ್ನೂ ನುಂಗುತ್ತದೆ.

"ಈಗ ಮಾತಾಡಬ್ಯಾಡ್ರಿ. ಬಂತು ನೋಡ್ರಿ, ನಮ್ಮ ಮಬ್ಬ."

ಪರದೆಯ ಮೇಲೆ ಚುಕ್ಕೆಗಳ ನಡುವೆ, ಒದ್ದೆ ಬೆರಳಿನಿಂದ ಹಿಟ್ಟು ಒರೆಸಿದಂಥ ಒಂದು ಕಲೆ. ಅದಕ್ಕೆ ಅಂಕಿ, ಅಕ್ಷರ ಸೇರಿಸಿದ ಉದ್ದನೆಯ ಹೆಸರಿದೆ. ಕನಕಮ್ಮನಿಗೆ ಅದು ಮಬ್ಬ, ಅಷ್ಟೇ. ಸೂರ್ಯನ ಕಡೆ ಧಾವಿಸುತ್ತಿರುವ ಧೂಮಕೇತು. ಇನ್ನು ನಾಲ್ಕೈದು ದಿನದಲ್ಲಿ ಸೂರ್ಯನ ಪ್ರಭೆಯಲ್ಲಿ ಮರೆಯಾಗಿ ತಿಂಗಳುಗಟ್ಟಲೆ ಕಾಣಿಸದು.

ಇದನ್ನು ಅಳೆಯುವುದಕ್ಕೆ ಕಾರಣ ಅಂಬರಜಲ ಎಂಬ ಖಾಸಗಿ ಕಂಪನಿ. ಧೂಮಕೇತುಗಳ ಒಡಲಲ್ಲಿ ಹಿಮವಿದೆ. ಅಲ್ಲಿಗೇ ನೌಕೆ ಕಳಿಸಿ ಆ ನೀರನ್ನು ತೆಗೆದು, ಒಡೆದು, ಬಾಹ್ಯಾಕಾಶದಲ್ಲೇ ಇಂಧನ ಮಾಡಿ ಮಾರುವುದು ಕಂಪನಿಯ ಯೋಜನೆ. ಇಂದಿಗೂ ಯಾರೂ ಧೂಮಕೇತುವಿನಿಂದ ಒಂದು ಲೋಟ ನೀರು ತಂದಿಲ್ಲ. ತರುತ್ತೇವೆಂದು ಹೊರಟವರಿಗೆ ಮೊದಲು ಅದರ ವಿಳಾಸ ಬೇಕು: ಇವತ್ತು ಎಲ್ಲಿದೆ, ನಾಳೆ ಎಲ್ಲಿರುತ್ತದೆ. ಆ ವಿಳಾಸ ಬರೆದುಕೊಡುವ ಕೈಗಳಲ್ಲಿ ಒಂದು, ನಲವತ್ನಾಲ್ಕು ವರ್ಷದ ಈ ಗುತ್ತಿಗೆ ನೌಕರಳದು.

ಎಸ್ಸೆಸ್ಸೆಲ್ಸಿ ಮುಗಿಸಿದ ಕನಕಮ್ಮ ಹದಿನೈದು ವರ್ಷ ಹರಪನಹಳ್ಳಿ ಕಡೆಯ ಬೀಜದ ಹೊಲಗಳಲ್ಲಿ ಹತ್ತಿ ಹೂವಿನ ಕ್ರಾಸಿಂಗ್, ಅಂದರೆ ಕೈಯಿಂದ ಪರಾಗ ಮುಟ್ಟಿಸುವ ಕೆಲಸ, ಮಾಡಿದವರು. ಅರಳಲಿರುವ ಮೊಗ್ಗನ್ನು ಉಗುರಿನಿಂದ ಬಿಡಿಸಿ ಕೇಸರ ತೆಗೆಯಬೇಕು, ನಡುವಿನ ಎಳೆಗೆ ಗಾಯವಾಗಕೂಡದು. ಗಾಯವಾದರೆ ಕಾಯಿ ಕಟ್ಟುವುದಿಲ್ಲ. ಆರು ವರ್ಷದ ಹಿಂದೆ ಕಂಪನಿ ಈ ವೀಕ್ಷಣಾ ಕೇಂದ್ರ ತೆರೆದಾಗ ಅವರನ್ನು ತೆಗೆದುಕೊಂಡದ್ದು ಕಸ ಗುಡಿಸಲಿಕ್ಕೆ. ಅಳೆಯುತ್ತಿದ್ದ ತರುಣ ಹತ್ತೇ ತಿಂಗಳಲ್ಲಿ ಕೆಲಸ ಬಿಟ್ಟ. ಬೇರೆಯವರು ಬರುವತನಕ ಎಂದು ಕನಕಮ್ಮನನ್ನು ಕೂರಿಸಿದರು. ಬೇರೆಯವರು ಬರಲೇ ಇಲ್ಲ. ಹುದ್ದೆಯ ಹೆಸರು ಇವತ್ತಿಗೂ ಸ್ವಚ್ಛತಾ ಸಿಬ್ಬಂದಿ.

"ಗುಡಿಸ್ತಾ ಗುಡಿಸ್ತಾ ಹಿಂದ ನಿಂತು ನೋಡಿ ಕಲ್ತೆನ್ರಿ," ಎನ್ನುತ್ತಾರೆ. "ಆ ಹುಡುಗ ಮಬ್ಬಿನ ನಟ್ಟನಡುವಿಗೆ ಮೌಸ್ ಒತ್ತತಿದ್ದ. ಅದು ಸುಳ್ಳಾಗ್ತೈತಿ. ಮಬ್ಬು ಬಾಲದ ಕಡಿ ಎಳೀತೈತ್ರಿ. ಒಳಗ ಎಲ್ಲೋ ಒಂದು ಗಟ್ಟಿ ಕಾಳು ಇರ್ತೈತಿ, ಅದನ್ನ ಹುಡುಕ್ಬೇಕು."

ದಿನಕ್ಕೆ ಹನ್ನೆರಡು ಚಿತ್ರ, ಒಂದೊಂದಕ್ಕೂ ಒಂದು ನಿಮಿಷ, ಹನ್ನೆರಡೂ ಸೇರಿ ಆ ದಿನದ ಒಂದು ಅಳತೆ. ಐದು ವರ್ಷದಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕಿ ಚಿತ್ರ. ಜೊತೆಗೆ ಯಾರೂ ಹೇಳಿಕೊಡದ ಒಂದು ಪದ್ಧತಿಯನ್ನು ಅವರೇ ಮಾಡಿಕೊಂಡಿದ್ದಾರೆ. ಧೂಮಕೇತುವಿಗೆ ಮುಂಚೆ, ದಾರಿ ಚೆನ್ನಾಗಿ ಗೊತ್ತಿರುವ ಒಂದು ಕ್ಷುದ್ರಗ್ರಹವನ್ನು ಅಳೆಯುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಸಾಕ್ಷಿಕಲ್ಲು. ಅದು ಸರಿ ಬಂದರೆ ಗಡಿಯಾರ ಸರಿ, ಕೈಯೂ ಸರಿ.

ಜನವರಿಯಲ್ಲಿ ಮಬ್ಬ ದಾರಿ ಬಿಟ್ಟ. ಕಂಪನಿಯ ಸಾಫ್ಟ್‌ವೇರ್ ಇಲ್ಲಿರಬೇಕು ಎಂದ ಜಾಗದಿಂದ ಮೊದಲು ಎರಡೂವರೆ ಸೆಕೆಂಡು, ಆಮೇಲೆ ಮೂರು, ಆಮೇಲೆ ನಾಲ್ಕು. ಇದು ಕಾಲದ ಸೆಕೆಂಡಲ್ಲ, ಕೋನದ್ದು. ಐದು ಕಿಲೋಮೀಟರ್ ದೂರದಲ್ಲಿಟ್ಟ ಎರಡು ರೂಪಾಯಿ ನಾಣ್ಯದ ಅಗಲವೆಷ್ಟು ಕಂಡೀತೋ ಅಷ್ಟು ಒಂದು ಸೆಕೆಂಡು. ಎರಡಕ್ಕಿಂತ ಹೆಚ್ಚು ಸರಿದ ಅಳತೆಯನ್ನು ಸಾಫ್ಟ್‌ವೇರ್ ತಾನೇ ಕೆಂಪು ಮಾಡಿ ಆಚೆ ಹಾಕುತ್ತದೆ. ಎರಡು ತಿಂಗಳಲ್ಲಿ ಮೂವತ್ತೊಂದು ಅಳತೆ ಹೀಗೆ ಆಚೆ ಬಿದ್ದವು.

ಈ ನಡುವೆ ಒಂದು ದಿನ ಕೇಂದ್ರದ ಉಸ್ತುವಾರಿ ನೋಡುವ ಬಸವೇಶ್ ಹಗರಿಬೊಮ್ಮನಹಳ್ಳಿಯಿಂದ ಬೈಕಿನಲ್ಲಿ ಬಂದರು. ಕನಕಮ್ಮನಿಗಿಂತ ಹದಿನೈದು ವರ್ಷ ಚಿಕ್ಕವರು. ಅಂದಿನ ಮಾತು ಕನಕಮ್ಮನಿಗೆ ಅಕ್ಷರಶಃ ನೆನಪಿದೆ.

"ಏನ್ ಕನಕಮ್ಮ, ನಿದ್ದಿಗಣ್ಣಾಗ ಒತ್ತೀಯೇನ್?"

"ಇಲ್ರಿ ಸಾರ್. ಅದು ಅಲ್ಲೇ ಐತ್ರಿ."

"ಲೆಕ್ಕ ಇಲ್ಲಿರ್ಬೇಕು ಅಂತೈತಿ. ಲೆಕ್ಕ ದೊಡ್ಡದೋ ನೀ ದೊಡ್ಡಾಕೀಯೋ?"

"ಗಡಿಯಾರ ಕೆಟ್ಟಿದ್ರ ಸಾಕ್ಷಿಕಲ್ಲೂ ಸರೀಬೇಕಿತ್ತಲ್ರಿ? ಅದು ಯಾಕ ನೆಟ್ಟಗ ಕುಂತೈತಿ?"

"ಕಸಬರಿಗಿ ಹಿಡಿದಾಕಿ ನನಗ ಪಾಠ ಹೇಳ್ಬ್ಯಾಡ. ನಾಳೆಯಿಂದ ಲೆಕ್ಕ ಎಲ್ಲಿ ತೋರಿಸ್ತೈತೋ ಅಲ್ಲೇ ಒತ್ತು."

ಅವರು ಅಲ್ಲಿ ಒತ್ತಲಿಲ್ಲ. ಮಬ್ಬ ಇದ್ದಲ್ಲೇ ಒತ್ತಿದರು. ಅಳೆದ ಪ್ರತಿದಿನವೂ ಕೆಂಪು ಬಿತ್ತು. ಕಡತದಲ್ಲಿ ಆ ಮೂವತ್ತೊಂದರ ಎದುರಿಗೆ ‘ವೀಕ್ಷಕಳ ನಿರ್ಲಕ್ಷ್ಯ’ ಎಂದು ಬರೆಯಲಾಯಿತು.

ಧೂಮಕೇತು ಕಲ್ಲಲ್ಲ. ಬಿಸಿಲು ತಾಗಿದ ಕಡೆ ಅದರ ಹಿಮ ಆವಿಯಾಗಿ ಚಿಮ್ಮುತ್ತದೆ, ಆ ಆವಿಯೇ ಅದನ್ನು ದಾರಿಯಿಂದ ಚೂರು ಚೂರೇ ತಳ್ಳುತ್ತದೆ. ಬಿಸಿ ಕುಕ್ಕರನ್ನು ಕಂಡ ಯಾರಿಗಾದರೂ ಅರ್ಥವಾಗುವ ಮಾತು. ಕಂಪನಿ ಹುಡುಕುತ್ತಿರುವುದೇ ನೀರನ್ನು. ಆ ನೀರು ತಾನಿದ್ದೇನೆಂದು ಮೂವತ್ತೊಂದು ಸಲ ತೋರಿಸಿಕೊಟ್ಟಿತು, ತಂಬ್ರಹಳ್ಳಿಯ ಒಬ್ಬ ಹೆಂಗಸು ಮೂವತ್ತೊಂದು ಸಲ ಬರೆದುಕೊಂಡಳು. ಕಲ್ಲುಗಳಿಗೆಂದು ಬರೆದ ಸಾಫ್ಟ್‌ವೇರನ್ನೇ ಧೂಮಕೇತುವಿಗೂ ಹಚ್ಚಿದವರು ಅದನ್ನು ಕಸವೆಂದು ಎಸೆದರು. ಇಷ್ಟಕ್ಕೂ ನಿರ್ಲಕ್ಷ್ಯ ಯಾರದು?

ಮಾರ್ಚಿನಲ್ಲಿ ಹೊರದೇಶದ ಎರಡು ಕೇಂದ್ರಗಳು ಧೂಮಕೇತು ಹೀಗೆ ದಾರಿಯಿಂದ ಸರಿದದ್ದನ್ನು ವರದಿ ಮಾಡಿದವು. ಕೂಡಲೇ ಕಂಪನಿಗೆ ಜ್ಞಾನೋದಯವಾಯಿತು. ಸಾಫ್ಟ್‌ವೇರ್ ತಿದ್ದಿದರು. ಬಣ್ಣದ ಪುಸ್ತಿಕೆ ಅಚ್ಚಾಯಿತು: ಈ ಧೂಮಕೇತುವಿನಲ್ಲಿ ಯಥೇಚ್ಛ ಹಿಮವಿದೆ, ಅದು ಮರಳಿ ಬರುವಾಗ ನಮ್ಮ ಕೊಯ್ಲಿನ ಪಟ್ಟಿಯಲ್ಲಿ ಮೊದಲನೆಯದು. ಪುಸ್ತಿಕೆಯಲ್ಲಿ ಸೂಟು ತೊಟ್ಟ ಹನ್ನೊಂದು ಮಂದಿಯ ಭಾವಚಿತ್ರಗಳಿವೆ. ತಂಬ್ರಹಳ್ಳಿ ಎಂಬ ಊರಿನ ಹೆಸರೂ ಇಲ್ಲ.

ಏಪ್ರಿಲ್ ಮೊದಲ ವಾರ ಕನಕಮ್ಮನಿಗೆ ಬಂದದ್ದು ಮುಚ್ಚಳಿಕೆ. ಮೂವತ್ತೊಂದು ಅಳತೆಗಳಲ್ಲಿ ನನ್ನಿಂದ ನಿರ್ಲಕ್ಷ್ಯವಾಗಿದೆ, ಮುಂದೆ ಹೀಗೆ ಮಾಡುವುದಿಲ್ಲ ಎಂದು ಒಪ್ಪಿ ಸಹಿ ಹಾಕಿದರೆ ಗುತ್ತಿಗೆ ಇನ್ನೊಂದು ವರ್ಷ. ಹಾಕದಿದ್ದರೆ ತಿಂಗಳ ಕೊನೆಗೆ ಮನೆಗೆ. ಅಳತೆ ಸರಿಯೆಂದು ಲೋಕವೆಲ್ಲ ಒಪ್ಪಿದ ಮೇಲೂ ಕಡತ ಒಪ್ಪಿಲ್ಲ. ಫೋನಿನಲ್ಲಿ ಕೇಳಿದರೆ ಬಸವೇಶ್ ತಡವರಿಸುತ್ತಾರೆ: "ಕಡತ ಮ್ಯಾಲ ಹೋಗೈತ್ರಿ. ತಿದ್ದಾಕ ಹೋದ್ರ ಯಾರ ತಪ್ಪು ಅಂತ ಬರ್ತೈತಿ. ಆಕಿ ಒಂದು ಸಹಿ ಹಾಕಿದ್ರ ಏನು ಹೋಗ್ತೈತ್ರಿ?"

ಈ ಪ್ರಶ್ನೆ ಮನೆಯಲ್ಲೂ ಬಂದಿದೆ. ಗಂಡ ದುರುಗೇಶ್ ಆಟೊ ಓಡಿಸುತ್ತಾರೆ, ಬೆಳಗಿನ ಜಾವ ಹೆಂಡತಿಯನ್ನು ಗೋದಾಮಿಗೆ ಬಿಡುವುದು ಅವರ ಮೊದಲ ಟ್ರಿಪ್ಪು. "ಮದಿವಿ ಆದಾಗಿಂದ ನನ್ನ ಮಾರಿ ಇಷ್ಟು ದಿಟ್ಟಿಸಿ ನೋಡಿಲ್ರಿ ಈಕಿ," ಎಂದು ನಗುತ್ತಾರೆ. ಆಮೇಲೆ ನಗು ನಿಲ್ಲುತ್ತದೆ. "ನಾನೂ ಅಂದೆ, ಹಾಕ್ಬಿಡಲೇ, ಹೋಗ್ಲಿ ಅಂತ. ಆಕಿ ಮೂರು ದಿನ ಕುಂತು ತಾರೀಖು ಎಲ್ಲಾ ಒಂದು ಹಾಳ್ಯಾಗ ಬರದ್ಲು. ಆಮ್ಯಾಲ ನಾನ ಪೋಸ್ಟಾಫೀಸಿಗೆ ಕರ್ಕೊಂಡ್ ಹೋದೆ."

ಕನಕಮ್ಮ ಮುಚ್ಚಳಿಕೆಯನ್ನು ಸಹಿ ಹಾಕದೆ ಹಿಂದಿರುಗಿಸಿದ್ದಾರೆ. ಜೊತೆಗೆ ಒಂದು ಹಾಳೆ: ಮೂವತ್ತೊಂದು ದಿನಾಂಕ, ಪ್ರತಿ ದಿನಾಂಕದ ಎದುರು ಸಾಕ್ಷಿಕಲ್ಲಿನ ಅಳತೆ, ಕೊನೆಗೆ ‘ತಪ್ಪು ನನ್ನದಲ್ಲ’ ಎಂಬ ಒಂದು ಸಾಲು. ಹಗರಿಬೊಮ್ಮನಹಳ್ಳಿಯಿಂದ ರಿಜಿಸ್ಟರ್ ಮಾಡಿ ಹತ್ತು ದಿನವಾಯಿತು. ಉತ್ತರವಿಲ್ಲ.

ಮೂಡಣ ಬೆಳ್ಳಗಾಗುತ್ತಿದೆ. ಹನ್ನೆರಡನೆಯ ಚಿತ್ರ ಮುಗಿಯಿತು, ಅಳತೆ ಕಂಪನಿಗೆ ಹೋಯಿತು. ಕೆಲಸವೇ ಉಳಿಯುವುದು ಅನುಮಾನವಿರುವಾಗ ಈ ಕಂಪನಿಗೆ ಇನ್ನೂ ಯಾಕೆ ಅಳೆದುಕೊಡುತ್ತೀರಿ ಎಂದರೆ, "ಅವ್ರ ಮ್ಯಾಲಿನ ಸಿಟ್ಟು ಮಬ್ಬನ ಮ್ಯಾಲ ಯಾಕ್ರಿ?" ಎನ್ನುತ್ತಾರೆ. ‘ನಿರ್ಲಕ್ಷ್ಯ’ ಎಂಬ ಪದವನ್ನು ಅಳಿಸಿಬಿಟ್ಟರೆ ಸಮಾಧಾನವೇ ಎಂದರೆ, ಪರದೆಯಿಂದ ಕಣ್ಣು ತೆಗೆಯದೆ ತಲೆಯಾಡಿಸುತ್ತಾರೆ, ಇಲ್ಲವೆಂದು.

"ತಪ್ಪು ಅಂತ ಬರಿವಾಗ ನನ್ನ ಹೆಸ್ರು ಪೂರಾ ಬರ್ದಾರ್ರಿ, ಗಂಡನ ಹೆಸ್ರು, ಊರು ಸಮೇತ. ಸರಿ ಅಂತ ಬರಿವಾಗ್ಲೂ ಹಂಗ ಪೂರಾ ಬರೀಲಿ."