ಎಲೆಯ ಸುರುಳಿಯಲ್ಲಿ ಮಾವನ ಹಲ್ಲುಸೆಟ್ಟು

ಕಳೆದ ಭಾನುವಾರ ಮಧ್ಯಾಹ್ನ ಮೂಡುಬಿದಿರೆಯ ಒಂದು ಮದುವೆ ಹಾಲಿನ ಹಿಂಬದಿಯಲ್ಲಿ, ರೇಷ್ಮೆ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಉಂಡು ಬಿಟ್ಟ ಬಾಳೆಲೆಗಳನ್ನು ನಾನು ಒಂದೊಂದಾಗಿ ಬಿಡಿಸಿ ನೋಡುತ್ತಿದ್ದೆ.

ಹುಡುಕುತ್ತಿದ್ದದ್ದು ಹಲ್ಲು. ನನ್ನದಲ್ಲ. (ನನ್ನವು ಸದ್ಯಕ್ಕೆ ಸ್ವಸ್ಥಾನದಲ್ಲಿವೆ.) ನನ್ನ ಸೋದರಮಾವ ಸಂಜೀವ ಮಾವನದು. ಮೇಲಿನದ್ದು, ಕೆಳಗಿನದ್ದು ಎರಡೂ ಸೇರಿದ ಫುಲ್ ಸೆಟ್.

ಕಳೆದದ್ದು ಹೇಗೆ? ಮಾವ ಊಟಕ್ಕೆ ಕೂತ ಕೂಡಲೇ ಸೆಟ್ಟನ್ನು ತೆಗೆದು, ಟಿಶ್ಯೂ ಪೇಪರಿನಲ್ಲಿ ಸುತ್ತಿ, ಎಲೆಯ ಪಕ್ಕ ಇಟ್ಟಿದ್ದರು. ಈಗಿನ ಹಾಲ್‌ಗಳಲ್ಲಿ ಮೇಜಿನ ಉದ್ದಕ್ಕೂ ಪೇಪರ್ ಹಾಸಿ ಅದರ ಮೇಲೆ ಎಲೆ ಹಾಕುತ್ತಾರಲ್ಲ? ಊಟ ಮುಗಿದ ಮೇಲೆ ಈ ತುದಿಯಿಂದ ಆ ತುದಿಗೆ ಚಾಪೆ ಸುತ್ತಿದ ಹಾಗೆ ಸುತ್ತಿಬಿಡುತ್ತಾರೆ. ಎಲೆ, ಲೋಟ, ಐಸ್‌ಕ್ರೀಮಿನ ಕಪ್ಪು, ಮಾವನ ಹಲ್ಲು ಎಲ್ಲ ಒಂದೇ ಸುರುಳಿ. ಮಾವ ಕೈ ತೊಳೆದು ಬರುವಷ್ಟರಲ್ಲಿ ಮೇಜು ಖಾಲಿಯಾಗಿತ್ತು.

ಉಣ್ಣುವ ಹೊತ್ತಿಗೆ ಹಲ್ಲು ತೆಗೆಯುವವರು ಎಲ್ಲಾದರೂ ಇದ್ದಾರೆಯೇ ಎಂದು ನಗಬೇಡಿ. ಇದ್ದಾರೆ. ನಿಮ್ಮ ಮನೆಯಲ್ಲೇ ಒಬ್ಬರು ಇರಬಹುದು, ಮೆಲ್ಲ ವಿಚಾರಿಸಿ. ನಮ್ಮ ಕಡೆ ಹಲ್ಲುಸೆಟ್ಟು ಎಂದರೆ ಜರಿಶಾಲು ಇದ್ದ ಹಾಗೆ. ಮದುವೆಗೆ, ಗೃಹಪ್ರವೇಶಕ್ಕೆ, ಆಧಾರ್ ಫೋಟೋಕ್ಕೆ ಹಾಕುವಂಥದ್ದು. ಮನೆಗೆ ಬಂದ ಕೂಡಲೇ ತೆಗೆದು ಸ್ಟೀಲಿನ ಡಬ್ಬಿಯಲ್ಲಿಡುವುದು. ಅಗಿಯುವ ಕೆಲಸವನ್ನು ವಸಡೇ ನೋಡಿಕೊಳ್ಳುತ್ತದೆ.

ನಾನು ಮತ್ತು ನನ್ನ ಗಂಡ ಎಂಜಲೆಲೆ ತುಂಬುವ ಡ್ರಮ್ಮಿನೊಳಗೆ ಕೈ ಹಾಕಿದ್ದನ್ನು ಕಂಡವರೊಬ್ಬರು, ಎಂತ ಹೋಯ್ತು, ಬಂಗಾರವಾ ಎಂದು ಕೇಳಿದರು. ನಾನು ಉತ್ತರ ಕೊಡುವ ಮೊದಲೇ ಆರೇಳು ಜನ ತೋಳು ಮಡಚಿಕೊಂಡು ಬಂದು ಸುತ್ತ ಸೇರಿದರು. ಪರೋಪಕಾರ ಅಂದರೆ ನಮ್ಮವರದ್ದು. ಆದರೆ ಹಲ್ಲು ಎಂದು ಗೊತ್ತಾದ ಕೂಡಲೇ ಅರ್ಧ ಜನರಿಗೆ ಪಾರ್ಕಿಂಗಿನಲ್ಲಿ ಏನೋ ಕೆಲಸ ನೆನಪಾಯಿತು. ಒಬ್ಬರು ಮಾತ್ರ ಆಸೆ ಬಿಡದೆ, ಬಂಗಾರದ ಹಲ್ಲಾ ಎಂದು ವಿಚಾರಿಸಿದರು. ಇನ್ನೊಬ್ಬರು ಕಡಲೆ ಮತ್ತು ಹಲ್ಲಿನ ಗಾದೆ ಹೇಳಿದರು. ಇಂಥ ಹೊತ್ತಿನಲ್ಲಿ ಗಾದೆ ಹೇಳುವವರು ಒಬ್ಬರು ಇದ್ದೇ ಇರುತ್ತಾರೆ.

ಹೋದರೆ ಹೋಗಲಿ, ಇನ್ನೊಂದು ಮಾಡಿಸಿದರಾಯಿತು ಎಂದು ಕೈ ತೊಳೆದುಕೊಳ್ಳುವ ಹಾಗಿರಲಿಲ್ಲ. ಮದುವೆ ನನ್ನ ಚಿಕ್ಕಮ್ಮನ ಮಗಳು ಅಕ್ಷತಾಳದ್ದು. ದಿಬ್ಬಣ ಗಂಡಿನ ಊರು ಮಡಂತ್ಯಾರಿಗೆ ಹೊರಡುವ ಮೊದಲು ಹೆಣ್ಣನ್ನು ಗಂಡಿನ ಮನೆಯವರಿಗೆ ಒಪ್ಪಿಸಿಕೊಡುವ ಶಾಸ್ತ್ರ ಉಂಟು. ಆಗ ಹೆಣ್ಣಿನ ಕಡೆಯ ಹಿರಿಯರು ಎದ್ದು ನಿಂತು ನಾಲ್ಕು ಮಾತು ಹೇಳಬೇಕು. ನಮ್ಮ ಕುಟುಂಬದಲ್ಲಿ ಅದು ಸೋದರಮಾವನ ಕೆಲಸ. ತಾಯಿಯ ಕಡೆಯಿಂದ ಮನೆತನ ಎಣಿಸುವ ಅಳಿಯಕಟ್ಟಿನವರಲ್ಲಿ ಮಾವನ ಮಾತೆಂದರೆ ಮನೆಯ ಮಾತು. ನನ್ನ ಮದುವೆಯಲ್ಲಿಯೂ ಸಂಜೀವ ಮಾವನೇ ಒಪ್ಪಿಸಿಕೊಟ್ಟದ್ದು. ಅವರಿಗೆ ಮೈಕ್ ಬೇಡ. ಹಾಲಿನ ಕೊನೆಯ ಕುರ್ಚಿಯವರಿಗೂ ಅಕ್ಷರ ಅಕ್ಷರ ಕೇಳುತ್ತದೆ. ಅಕ್ಷತಾ ಬೆಳೆದದ್ದೂ ಪುತ್ತಿಗೆಯ ಅವರ ಮನೆಯಲ್ಲೇ. ಶಾಲೆಗೆ ಹೋದದ್ದು ಅವರ ಸ್ಕೂಟರಿನ ಎದುರು ನಿಂತುಕೊಂಡು.

ಅಂಥ ಮಾವ ಈಗ ಅಡಿಗೆಕೋಣೆಯ ಗೋಡೆಗೆ ಒರಗಿ, ಶಾಲಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದರು.

ಕೊನೆಗೆ ಸೆಟ್ಟು ಸಿಕ್ಕಿತು. ನನ್ನ ಗಂಡನಿಗೇ ಸಿಕ್ಕಿತು, ಹೋಳಿಗೆಯ ತುಂಡಿನೊಂದಿಗೆ. ಕೆಳಗಿನದ್ದು ಸರಿ ಇತ್ತು, ಮೇಲಿನದ್ದು ಎರಡು ತುಂಡು. ಸುರುಳಿಯನ್ನು ಡ್ರಮ್ಮಿಗೆ ಒತ್ತಿ ತುಂಬುವಾಗ ಆಗಿರಬೇಕು. ಇವರು ಅದನ್ನು ತೊಳೆದು, ಕರ್ಚೀಫಿನಲ್ಲಿ ಇಟ್ಟು ಮಾವನಿಗೆ ತೋರಿಸಿದರು. (ಜೋಡಿಸಿ ಹಿಡಿದುಕೊಂಡರೆ ಆಗ್ತದಾ ಅಂತಲೂ ಕೇಳಿದರು. ನನ್ನ ಗಂಡ ಇಂಜಿನಿಯರ್.)

ಮಾವ ತಲೆ ಅಲ್ಲಾಡಿಸಿದರು. ಮಾತು ಬೇರೆ ಯಾರಾದರೂ ಹೇಳಲಿ, ತಾನು ಎದುರು ಬರುವುದಿಲ್ಲ ಎಂದುಬಿಟ್ಟರು. ಅತ್ತ ಗಂಡಿನ ಕಡೆಯವರು ರಾಹುಕಾಲಕ್ಕೆ ಮೊದಲು ಹೊರಡಬೇಕೆಂದು ಗಡಿಯಾರ ನೋಡುತ್ತಿದ್ದರು. ಚಿಕ್ಕಮ್ಮ ಅಳುವುದಕ್ಕೆ ಶುರುಮಾಡಿದರು. ಯಾವುದಕ್ಕೆ ಎಂದು ಅವರಿಗೂ ಗೊತ್ತಿರಲಿಲ್ಲ, ಮಗಳು ಹೊರಡುವುದಕ್ಕೋ ಅಣ್ಣನ ಹಲ್ಲಿಗೋ.

ನನಗೆ ಸಿಟ್ಟು ಬಂದದ್ದು ಆಗ. ಮಾವನ ಮೇಲಲ್ಲ, ಆ ಶಾಲಿನ ಮೇಲೆ. ಕೈ ಮುರಿದವರು ಬ್ಯಾಂಡೇಜು ಹಾಕಿಕೊಂಡು ಮದುವೆಗೆ ಬರುತ್ತಾರೆ, ಎಲ್ಲರಿಗೂ ಕಥೆ ಹೇಳುತ್ತಾರೆ. ಸ್ಟೆಂಟ್ ಹಾಕಿಸಿಕೊಂಡವರಿಗಂತೂ ಪಂಕ್ತಿಯಲ್ಲಿ ವಿಶೇಷ ಗೌರವ. ಮಂಡಿನೋವಿನವರು ಕುರ್ಚಿ ಕೇಳಿ ಪಡೆಯುತ್ತಾರೆ. ಹಲ್ಲು ಹೋದವರು ಮಾತ್ರ ಕಳ್ಳತನ ಮಾಡಿದ ಹಾಗೆ ಬಾಯಿ ಮುಚ್ಚಿಕೊಳ್ಳಬೇಕಾ?

ವಿಷಯ ಮದುಮಗಳಿಗೆ ಮುಟ್ಟಿತು. ತಲೆ ತುಂಬ ಮಲ್ಲಿಗೆ, ಕೈತುಂಬ ಬಳೆ, ಅವಳು ಸೀದಾ ಅಡಿಗೆಕೋಣೆಯ ಹಿಂದೆ ಬಂದಳು. ಇಷ್ಟಕ್ಕೂ ಊಟಕ್ಕೆ ಸೆಟ್ಟು ತೆಗೆದದ್ದು ಯಾಕೆ ಎಂದು ಕೇಳಿದಳು. ನಾವು ಯಾರೂ ಕೇಳದೆ ಇದ್ದ ಪ್ರಶ್ನೆ ಅದು. ನಾವೆಲ್ಲ ಅದನ್ನು ಮಾವನ ಅಭ್ಯಾಸ ಎಂದುಕೊಂಡಿದ್ದೆವು.

ಮಾವ ಶಾಲಿನೊಳಗಿಂದಲೇ ಹೇಳಿದರು. ಹಾಕಿಕೊಂಡು ಅಗಿದರೆ ವಸಡು ಕಿತ್ತುಹೋದ ಹಾಗೆ ಆಗುತ್ತದಂತೆ. ವರ್ಷಗಳಿಂದ ಹಾಗೆಯೇ ಅಂತೆ.

(ಇವರೆಲ್ಲ ಮಾತಾಡಿದ್ದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಉಪ್ಪು ಖಾರ ಸ್ವಲ್ಪ ಕಮ್ಮಿಯಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.)

“ಒಂದು ಮಾತು ಹೇಳ್ಬಾರ್ದಿತ್ತಾ ಮಾವ?” ಎಂದಳು ಅಕ್ಷತಾ.

“ಹಲ್ಲಲ್ವಾ ಮಗಾ. ಅದು ಹೇಳುವಂಥ ರೋಗವಾ?”

ಅಕ್ಷತಾ ಅವರ ಶಾಲಿನ ತುದಿ ಹಿಡಿದು ಮೆಲ್ಲನೆ ಕೆಳಗೆ ಎಳೆದಳು. “ಒಪ್ಪಿಸುವ ಮಾತು ನೀವೇ ಹೇಳ್ದಿದ್ರೆ ನಾನು ಬಸ್ಸು ಹತ್ತುದಿಲ್ಲ,” ಎಂದಳು.

ಹತ್ತುವುದಿಲ್ಲ ಎಂದರೆ ಹತ್ತುವುದಿಲ್ಲ. ಚಿಕ್ಕಂದಿನಲ್ಲೂ ಹಾಗೆಯೇ ಇದ್ದಳು.

ಮಾವ ಹಾಲಿಗೆ ಬಂದರು. ಶಾಲು ಹೆಗಲ ಮೇಲಿತ್ತು. ಮೊದಲ ಮಾತಿಗೆ ಹಿಂದಿನ ಸಾಲಿನ ಇಬ್ಬರು ಹುಡುಗಿಯರು ಮುಖ ಮುಖ ನೋಡಿಕೊಂಡು ಕಿಸಕ್ಕೆಂದರು. ಅಕ್ಷರಗಳ ನಡುವೆ ಗಾಳಿ ಹೋಗುತ್ತಿತ್ತು. ಆದರೆ ಸ್ವಲ್ಪ ಹೊತ್ತಿನಲ್ಲಿ ಒಂದು ವಿಚಿತ್ರ ನಡೆಯಿತು. ಕೇಳಿಸಿಕೊಳ್ಳಲು ಕಷ್ಟವಾದ್ದರಿಂದ ಜನ ಮಾತು ನಿಲ್ಲಿಸಿದರು. ಫೋಟೋದವರೂ ಸುಮ್ಮನಾದರು. ಇಷ್ಟು ವರ್ಷಗಳಲ್ಲಿ ಮಾವನ ಮಾತನ್ನು ಅಷ್ಟು ಗಮನ ಕೊಟ್ಟು ಯಾರೂ ಕೇಳಿರಲಿಲ್ಲ.

ಎಂದಿನ ಮಾತುಗಳನ್ನೇ ಹೇಳಿದರು. ನಮ್ಮ ಮನೆಯ ಹೆಣ್ಣನ್ನು ನಿಮ್ಮ ಮನೆಗೆ ಒಪ್ಪಿಸುತ್ತಿದ್ದೇವೆ, ಗೊತ್ತಿಲ್ಲದ್ದನ್ನು ಹೇಳಿಕೊಡಿ, ಗೊತ್ತಿರುವುದನ್ನು ಮಾಡಲು ಬಿಡಿ. ಅಲ್ಲಿಗೆ ಮುಗಿಯಬೇಕಿತ್ತು. ಮಾವ ನಿಲ್ಲಿಸಲಿಲ್ಲ.

“ಇನ್ನೊಂದು ಮಾತು ಉಂಟು. ನಮ್ಮ ಮನೆಯವರಿಗೆ ನೋವಾದ್ರೆ ಹೇಳುವ ಅಭ್ಯಾಸ ಇಲ್ಲ. ಅದು ದೊಡ್ಡ ಗುಣ ಏನಲ್ಲ, ನನ್ನ ಬಾಯಿ ನೋಡಿದ್ರೆ ನಿಮಗೇ ಗೊತ್ತಾಗ್ತದೆ. ಇವಳೂ ಹೇಳ್ಲಿಕ್ಕಿಲ್ಲ. ಹಾಗಾಗಿ ನೀವೇ ಕೇಳ್ಬೇಕು.”

ಗಂಡಿನ ತಾಯಿ ಎದ್ದು ಬಂದು ಅಕ್ಷತಾಳ ಕೈ ಹಿಡಿದುಕೊಂಡು, ಕೇಳ್ತೇವೆ ಎಂದರು. ನನಗೆ ಅಳು ಬಂತು. ಕಿಸಕ್ಕೆಂದ ಹುಡುಗಿಯರೂ ಅತ್ತರು. ನನ್ನ ಗಂಡ ಕಣ್ಣೊರೆಸಲು ಕರ್ಚೀಫು ತೆಗೆಯಹೋಗಿ, ಅದರೊಳಗೆ ಏನಿದೆ ಎಂದು ನೆನಪಾಗಿ ಪುನಃ ಜೇಬಿಗೆ ಇಟ್ಟುಕೊಂಡರು.

ಮಂಗಳವಾರ ಬೆಳ್ತಂಗಡಿಯ ನಮ್ಮ ಮನೆಯಿಂದ ಹೋಗಿ, ಮಾವನನ್ನು ಮೂಡುಬಿದಿರೆಯ ದಂತವೈದ್ಯೆಯ ಹತ್ತಿರ ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಮಲಗುವಾಗ ಮಾವನ ಮುಖದಲ್ಲಿ ಹರಕೆಯ ಕೋಳಿಯ ಕಳೆ. ಡಾಕ್ಟರ್ ಒಳ್ಳೆಯ ಹುಡುಗಿ, ನಗುತ್ತಲೇ ನೋಡಿದಳು. ವಸಡಿನಲ್ಲಿ ಸೆಟ್ಟು ಉಜ್ಜಿ ಉಜ್ಜಿ ಆದ ಹುಣ್ಣು. ಭಯಪಡುವಂಥದ್ದು ಕಾಣುವುದಿಲ್ಲ, ಆದರೆ ಎರಡು ವಾರದಲ್ಲಿ ಮಾಯದಿದ್ದರೆ ಪರೀಕ್ಷೆ ಮಾಡಿಸಲೇಬೇಕು ಎಂದಳು. ಹಲ್ಲು ಕೀಳಿಸಿದ ಮೇಲೆ ವಸಡು ವರ್ಷ ವರ್ಷ ಸವೆಯುತ್ತದಂತೆ, ಸೆಟ್ಟು ಸಡಿಲವಾಗುತ್ತದಂತೆ, ಆಗಾಗ ತೋರಿಸಿ ಸರಿಮಾಡಿಸಿಕೊಳ್ಳಬೇಕಂತೆ. ಮಾವ ಸೆಟ್ಟು ತೆಗೆದುಕೊಂಡು ಮನೆಗೆ ಹೋದವರು ಮತ್ತೆ ಅತ್ತ ತಲೆ ಹಾಕಿರಲಿಲ್ಲ.

ಹೊಸ ಸೆಟ್ಟಿನಲ್ಲಿ ಉಣ್ಣಬಹುದಾ ಎಂದು ಮಾವ ಸಂಕೋಚದಿಂದ ಕೇಳಿದರು. ಇರುವುದೇ ಅದಕ್ಕೆ ಎಂದಳು ಡಾಕ್ಟರ್. ಅಕ್ಷತಾಳ ಹೊಸ ಮನೆಯಿಂದ ಊಟಕ್ಕೆ ಕರೆ ಬಂದಿದೆ, ಕೋರಿರೊಟ್ಟಿ ಮಾಡುತ್ತಾರೆ, ಕೋಳಿಸಾರು ಮತ್ತು ಗರಿಗರಿ ಅಕ್ಕಿರೊಟ್ಟಿ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಮುದ್ದೆ ಮಾಡದೆ ಕುರುಕುರು ತಿನ್ನಬೇಕೆಂದು ಮಾವನ ಆಸೆ. ಅಭ್ಯಾಸ ಆದ ಮೇಲೆ ನೋಡುವ ಎಂದಿದ್ದಾಳೆ ಡಾಕ್ಟರ್.

ಲೋಕದಲ್ಲಿ ಅತಿ ಹೆಚ್ಚು ಜನರಿಗೆ ಇರುವ ಕಾಯಿಲೆ ಯಾವುದು ಎಂದು ಅವಳು ನನ್ನನ್ನು ಕೇಳಿದಳು. ಶುಗರ್ ಎಂದೆ. ಅಲ್ಲವಂತೆ, ಹುಳುಕುಹಲ್ಲಂತೆ! ದೇಶದೇಶಗಳ ಆರೋಗ್ಯ ಮಂತ್ರಿಗಳು ಒಟ್ಟು ಕೂತು, ಇನ್ನು ಮುಂದೆ ಎಲ್ಲರಿಗೂ ಸಿಗುವ ಸಾಮಾನ್ಯ ಚಿಕಿತ್ಸೆಯಲ್ಲಿ ಬಾಯಿಯನ್ನೂ ಸೇರಿಸಬೇಕೆಂದು ಒಪ್ಪಿಕೊಂಡಿದ್ದಾರಂತೆ. ಕೇಳಿ ನನಗೆ ನಗು ಬಂತು. ಅಲ್ಲಿಯವರೆಗೆ ಬಾಯಿ ಎಲ್ಲಿತ್ತು? ಪಕ್ಕದ ಮನೆಯಲ್ಲಾ?

ಬಂಟ್ವಾಳದ ನಮ್ಮ ಇನ್ಶೂರೆನ್ಸ್ ಏಜೆಂಟರಿಗೆ ಫೋನು ಮಾಡಿ ನನ್ನ ಪಾಲಿಸಿಯಲ್ಲಿ ಹಲ್ಲು ಬರುತ್ತದಾ ಎಂದು ಕೇಳಿದೆ. ಆ್ಯಕ್ಸಿಡೆಂಟ್ ಆದರೆ ಬರ್ತದೆ ಮೇಡಂ ಎಂದರು. ಅಂದರೆ ಬೈಕಿನಿಂದ ಬಿದ್ದು ಉದುರಿದರೆ ಅದು ಹಲ್ಲು, ತಾನಾಗಿ ಉದುರಿದರೆ ನನ್ನ ಹಣೆಬರಹ. (ಎಲೆಯಡಿಕೆ, ತಂಬಾಕಿನ ಬಗ್ಗೆಯೂ ಡಾಕ್ಟರ್ ತುಂಬ ಹೇಳಿದಳು. ಅದನ್ನು ಬರೆಯುವ ಧೈರ್ಯ ನನಗಿಲ್ಲ. ನಮ್ಮ ಅಂಗಳದಲ್ಲಿಯೂ ಅಡಿಕೆ ಒಣಗುತ್ತಿದೆ.)

ಮಾವ ಡಾಕ್ಟರನ್ನೇ ಕಾಣದವರೇನಲ್ಲ. ಬಿಪಿ ಉಂಟು, ಶುಗರ್ ಉಂಟು, ತಿಂಗಳು ತಪ್ಪದೆ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಾರೆ. ಅಲ್ಲಿ ರಕ್ತ ನೋಡುತ್ತಾರೆ, ಪಾದ ನೋಡುತ್ತಾರೆ, ಕಣ್ಣಿಗೆ ಬರೆದುಕೊಡುತ್ತಾರೆ. ಕೆಮ್ಮು ಎಂದರೆ ಬಾಯಿ ತೆರೆಸಿ, ಟಾರ್ಚು ಹಾಕಿ ಗಂಟಲು ನೋಡುತ್ತಾರೆ. ಆ ಬೆಳಕು ವಸಡನ್ನು ದಾಟಿಕೊಂಡೇ ಗಂಟಲಿಗೆ ಹೋಗಬೇಕಲ್ಲ? ಇಷ್ಟು ವರ್ಷಗಳಲ್ಲಿ ಒಂದು ಸಲವೂ ಅದು ದಾರಿಯಲ್ಲಿ ನಿಂತಿಲ್ಲ. ಮಾವ ಹೇಳಲಿಲ್ಲ, ಅವರು ಕೇಳಲಿಲ್ಲ.

ಹೇಳದವರನ್ನು ನೀವೇ ಕೇಳಬೇಕು ಎಂದು ಮಡಂತ್ಯಾರಿನವರಿಗೆ ಅಕ್ಷತಾಳನ್ನು ಒಪ್ಪಿಸುವಾಗ ಹೇಳಲು ನಮ್ಮ ಮಾವ ಇದ್ದರು.

ನಮ್ಮನ್ನೆಲ್ಲ ಸರ್ಕಾರಕ್ಕೆ ಒಪ್ಪಿಸಿಕೊಟ್ಟ ದಿನ ಈ ಮಾತು ಹೇಳಲು ಒಬ್ಬ ಸೋದರಮಾವನೂ ಇರಲಿಲ್ಲವಾ?